ಸಾಕಾ, ಸಿಸ್ಟರ್?

ಅವರನ್ನು ಮಣ್ಣು ಮಾಡಿದ ದಿನ ನಾನು ಅಲ್ಲಿಗೆ ಹೋಗಿದ್ದೆ, ಆದರೆ ಗೋರಿಯ ಹತ್ತಿರ ಹೋಗಲಾಗಲಿಲ್ಲ. ಕಾರು ನಿಲ್ಲಿಸುವ ಜಾಗದಿಂದ ಅಲ್ಲಿಗೆ ಹುಲ್ಲಿನ ಇಳಿಜಾರು. ಬೆಳಗಿನಿಂದ ಜಿನುಗುತ್ತಿದ್ದ ಮಳೆಗೆ ನೆಲ ಜಾರುತ್ತಿತ್ತು. ಇಳಿಜಾರಿನಲ್ಲಿ ನನ್ನ ಎಡಮಂಡಿ ನನ್ನ ಮಾತು ಕೇಳುವುದಿಲ್ಲ. ಮಗಳು ಕಾರಿನ ಹೀಟರ್ ಹಾಕಿ, ಇಲ್ಲೇ ಕೂತಿರು ಎಂದು ಹೇಳಿ, ತಾನು ಕೊಡೆ ಹಿಡಿದು ಇಳಿದು ಹೋದಳು. ನಾನು ಕಿಟಕಿಯ ಗಾಜು ಒರೆಸಿಕೊಂಡು ನೋಡುತ್ತ ಕೂತೆ. ಆ ಎಡಮಂಡಿಯನ್ನು ನನಗೆ ಕೂಡಿಸಿಕೊಟ್ಟವರು ಅವರೇ.

ಹೆಸರು ಬರೆಯುವುದಿಲ್ಲ. ಅವರು ಕೂಡಿಸಿದ ಮಂಡಿಗಳ ಮೇಲೆ ಸಿಯಾಟಲ್ ಆಚೆಯ ವುಡಿನ್‌ವಿಲ್‌ನಿಂದ ಡುವಾಲ್‌ವರೆಗೆ ಇವತ್ತಿಗೂ ಎಷ್ಟೋ ಜನ ನಾಯಿ ಹಿಡಿದುಕೊಂಡು ವಾಕಿಂಗ್ ಹೋಗುತ್ತಿದ್ದಾರೆ. ಅವರಿಗೆಲ್ಲ ಸುಮ್ಮನೆ ಗಾಬರಿಯಾಗುವುದು ಬೇಡ. ನಾನು ಅವರನ್ನು ಸಾರ್ ಎನ್ನುತ್ತಿದ್ದೆ, ಅವರು ನನ್ನನ್ನು ಸಿಸ್ಟರ್ ಎನ್ನುತ್ತಿದ್ದರು. ಹನ್ನೆರಡು ವರ್ಷ ಅವರ ಆಪರೇಷನ್ ಟೇಬಲ್ಲಿನ ಎದುರು ಬದಿಗೆ ನಿಂತು ಕೈ ಜೋಡಿಸಿದ ನರ್ಸ್ ನಾನು. ಆ ಆಸ್ಪತ್ರೆಯಲ್ಲಿ ನೆಲ ಒರೆಸುವವರಿಂದ ಹಿಡಿದು ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಮೈಸೂರಿನಲ್ಲಿ ನರ್ಸಿಂಗ್ ಕಲಿತ ನನ್ನ ಬಾಯಿಗೆ ಅದು ಕೊನೆಗೂ ಒಗ್ಗಲಿಲ್ಲ. ಅಮೆರಿಕದಲ್ಲಿ ನನ್ನನ್ನು ಸಿಸ್ಟರ್ ಎಂದು ಕರೆದವರೂ ಅವರೊಬ್ಬರೇ.

ಅವರೂ ಮೈಸೂರಿನವರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡಿ ಬೆಳೆದವರು. ಲಷ್ಕರ್ ಮೊಹಲ್ಲಾದಲ್ಲಿ ಅವರ ತಂದೆ ಮಂಚಗಳಿಗೆ ನವಾರು ಹೆಣೆಯುತ್ತಿದ್ದರಂತೆ. ಹೆಣೆದು ಮುಗಿದ ಮೇಲೆ ಒಂದೊಂದೇ ಪಟ್ಟಿಯನ್ನು ತೋರುಬೆರಳಿನಿಂದ ಮೀಟಿ ನೋಡುವರಂತೆ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲವಾದರೆ ಮಲಗಿದವನು ಒಂದೇ ಪಕ್ಕಕ್ಕೆ ಉರುಳುತ್ತಾನೆ, ಎದ್ದ ಮೇಲೆ ನಮಗೆ ಸಹಸ್ರನಾಮ ಮಾಡುತ್ತಾನೆ ಎನ್ನುವರಂತೆ. ಆ ಮೀಟುವ ಚಟ ಮಗನಿಗೂ ಅಂಟಿಕೊಂಡಿತ್ತು. ಸೀಟ್ ಬೆಲ್ಟು, ಸ್ಟ್ರೆಚರಿನ ಪಟ್ಟಿ, ಫೈಲಿಗೆ ಸುತ್ತಿದ ರಬ್ಬರ್ ಬ್ಯಾಂಡು, ಎಳೆದು ಕಟ್ಟಿದ್ದು ಏನು ಕಂಡರೂ ಅವರ ಬೆರಳು ಅಲ್ಲಿಗೆ ಹೋಗುತ್ತಿತ್ತು. ಒಮ್ಮೆ ಕನ್ನಡ ಸಂಘದ ಯುಗಾದಿ ಊಟಕ್ಕೆ ಬಂದವರು ವೇದಿಕೆಗೆ ಕಟ್ಟಿದ್ದ ತೋರಣದ ದಾರ ಮೀಟಿ ಅರ್ಧ ಮಾವಿನೆಲೆ ಉದುರಿಸಿದರು. ಅವರ ಹೆಂಡತಿ ಹೈದರಾಬಾದಿನವರು, ಅಲ್ಲೇ ಎಲ್ಲರೆದುರು ಬೈದರು. ಇವರು ಎಲೆಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡು ಹಿಂದಿನ ಸಾಲಿಗೆ ಹೋಗಿ ಕೂತರು.

ಇನ್ನೊಂದು ಚಟ, ಜನ ನಡೆಯುವುದನ್ನು ನೋಡುವುದು. ಈಸ್ಟ್‌ಗೇಟ್‌ನಲ್ಲಿ ತರಕಾರಿ ತರಲು ಹೋದಾಗ ಸಿಕ್ಕರೆ ನನ್ನ ಕಡೆ ತಿರುಗದೆ, ಮುಂದೆ ಹೋಗುತ್ತಿದ್ದವರ ಬೆನ್ನು ನೋಡುತ್ತಲೇ, ಆ ನೀಲಿ ಸ್ವೆಟರಿನವರಿಗೆ ಬಲಗಾಲು, ಇನ್ನೆರಡು ವರ್ಷ ಎನ್ನುತ್ತಿದ್ದರು. ಕ್ಷೇಮಸಮಾಚಾರ ಆಮೇಲೆ.

ಮಂಡಿ ಬದಲಿಸುವುದು ಎಂದರೆ ಸವೆದ ಮೂಳೆಯನ್ನು ಕೊಯ್ದು ಲೋಹ ಕೂರಿಸುವುದು ಎಂದು ಎಲ್ಲರೂ ತಿಳಿದಿದ್ದಾರೆ. ಅದು ಅರ್ಧ ಕೆಲಸ. ಮಂಡಿಯ ಒಳಬದಿಗೊಂದು, ಹೊರಬದಿಗೊಂದು ಲಿಗಮೆಂಟ್ ಇರುತ್ತದೆ, ಮೇಲಿನ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಕಟ್ಟಿ ಹಿಡಿದಿರುವ ಪಟ್ಟಿಗಳು. ವರ್ಷಗಟ್ಟಲೆ ಕಾಲು ಸೊಟ್ಟಗಾದವರಲ್ಲಿ ಒಳಗಿನ ಪಟ್ಟಿ ಮುದುಡಿಕೊಂಡಿರುತ್ತದೆ, ಹೊರಗಿನದು ಜೋತುಬಿದ್ದಿರುತ್ತದೆ. ಎರಡನ್ನೂ ಸಮಕ್ಕೆ ತರಬೇಕು. ಕಾಲು ನೀಡಿದಾಗಲೂ ಸಮ ಇರಬೇಕು, ಮಡಿಸಿದಾಗಲೂ ಇರಬೇಕು. ಅದಕ್ಕೆ ಬಿಗಿಯಾದ ಪಟ್ಟಿಗೆ ಸೂಜಿಯಿಂದ ಒಂದೊಂದೇ ಚುಚ್ಚು ಕೊಡುತ್ತಾರೆ. ಕೆಲವು ಎಳೆ ಹರಿದು ಪಟ್ಟಿ ತುಸುವೇ ಸಡಿಲವಾಗುತ್ತದೆ. ಕಾಲನ್ನು ಮಡಿಸಿ, ನೀಡಿ, ಎರಡೂ ಪಕ್ಕಕ್ಕೆ ಒತ್ತಿ ನೋಡಿ, ಬೇಕಾದರೆ ಇನ್ನೊಂದು ಚುಚ್ಚು. ಎಲ್ಲಿ ನಿಲ್ಲಿಸಬೇಕು ಎಂದು ಹೇಳಬೇಕಾದದ್ದು ಕೈ. ಅಳೆದು ಹೇಳುವ ಯಂತ್ರ ನಮ್ಮ ಸಣ್ಣ ಆಸ್ಪತ್ರೆಗೆ ಬಂದದ್ದು ಅವರು ಕೆಲಸ ಬಿಟ್ಟ ಮೇಲೆ. ನವಾರನ್ನಾದರೆ ಬಿಚ್ಚಿ ಮತ್ತೆ ಬಿಗಿಯಬಹುದು, ಇದಕ್ಕೆ ಆ ಅನುಕೂಲವಿಲ್ಲ.

ಈ ವಿಷಯದಲ್ಲಿ ಅವರದು ಒಂದೇ ಮಾತು. ಹೊಸದಾಗಿ ಕಲಿಯಲು ಬಂದ ಡಾಕ್ಟರುಗಳಿಗೆ ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳುತ್ತಿದ್ದರು. "ಬಿಗಿ ಆದ್ರೆ ಪೇಷೆಂಟು ಬೈತಾರೆ, ಸಡಿಲ ಆದ್ರೆ ಬೀಳ್ತಾರೆ. ಬೈಸ್ಕೊಳ್ಳೋದೇ ವಾಸಿ ಅಲ್ವಾ ಸಿಸ್ಟರ್."

ಕೊನೆಯ ಚುಚ್ಚಿನ ಹೊತ್ತಿಗೆ ಅವರು ಕೈ ಹಿಂದಕ್ಕೆ ತೆಗೆದುಕೊಂಡು, ಕಾಲನ್ನು ನನ್ನ ಕೈಗೆ ಕೊಟ್ಟು, "ಸಾಕಾ, ಸಿಸ್ಟರ್?" ಎನ್ನುತ್ತಿದ್ದರು. ನಾನು ಮಡಿಸಿ, ಒತ್ತಿ ನೋಡಿ, "ಸಾಕು ಸಾರ್" ಎನ್ನುತ್ತಿದ್ದೆ, ಇಲ್ಲವೇ "ಇನ್ನೊಂದು" ಎನ್ನುತ್ತಿದ್ದೆ. ಮೊದಲ ವರ್ಷಗಳಲ್ಲಿ ಅದು ಮೇಷ್ಟ್ರು ಕೇಳುವ ಪ್ರಶ್ನೆ. ಉತ್ತರ ಅವರಿಗೆ ಮೊದಲೇ ಗೊತ್ತಿರುತ್ತಿತ್ತು. ನಾನು ತಪ್ಪು ಹೇಳಿದರೆ ಮಾಸ್ಕಿನ ಮೇಲೆ ಹುಬ್ಬು ಏರುತ್ತಿತ್ತು. ಆ ಕೋಣೆಯಲ್ಲಿದ್ದ ಬೇರೆ ಯಾರಿಗೂ ನಮ್ಮ ಮಾತು ಅರ್ಥವಾಗುತ್ತಿರಲಿಲ್ಲ. ಅರಿವಳಿಕೆ ಕೊಡುವ ಹೆಂಗಸು ಅದನ್ನು ನಮ್ಮ ಪ್ರಾರ್ಥನೆ ಎಂದುಕೊಂಡಿದ್ದಳು.

ಒಂದು ದಿನ ಕಾಫಿ ಕುಡಿಯುವ ಕೋಣೆಯಲ್ಲಿ ಅವರು ಮೈಕ್ರೋವೇವಿನಿಂದ ಟೀ ಕಪ್ಪು ತೆಗೆದುಕೊಂಡು ನನ್ನ ಎದುರು ಕೂತರು. ನಾನು ತಂದಿದ್ದ ಉಪ್ಪಿಟ್ಟಿನಲ್ಲಿ ಪಾಲು ಕೇಳಿದರು. ಟೀ ಕುದಿಯುತ್ತಿತ್ತು, ಕಾಗದದ ಕಪ್ಪು. ಉಪ್ಪಿಟ್ಟು ಮುಗಿಯುವವರೆಗೂ ಅದನ್ನು ಎಡಗೈಯಲ್ಲಿ ಆರಾಮವಾಗಿ ಹಿಡಿದುಕೊಂಡೇ ಇದ್ದರು. ಮರುದಿನ ಎರಡು ಬೆರಳಿನ ತುದಿಯಲ್ಲಿ ಬೊಬ್ಬೆ. ಅದೇನೆಂದು ನಾನು ಕೇಳಿದಾಗಲೇ ಅವರು ಅದನ್ನು ನೋಡಿಕೊಂಡದ್ದು. ಸಕ್ಕರೆ ಕಾಯಿಲೆ ಅವರಿಗೆ ಬಹಳ ವರ್ಷದ್ದು ಎಂದು ನನಗೆ ಗೊತ್ತಿತ್ತು, ಅದು ಬೆರಳಿನ ಸ್ಪರ್ಶವನ್ನೇ ತಿಂದಿದೆ ಎಂದು ಗೊತ್ತಿರಲಿಲ್ಲ. ಬೆರಳನ್ನು ಜೇಬಿಗಿಟ್ಟುಕೊಂಡು, ಉಪ್ಪಿಟ್ಟಿಗೆ ಇನ್ನೂ ಸ್ವಲ್ಪ ನಿಂಬೆಹಣ್ಣು ಬೇಕಿತ್ತು ಎಂದರು.

ಆ ವಾರದಿಂದ "ಸಾಕಾ, ಸಿಸ್ಟರ್?" ಎಂಬುದು ನಿಜವಾದ ಪ್ರಶ್ನೆಯಾಯಿತು. ಈಗ ಅವರು ಕೊನೆಯ ಚುಚ್ಚಿಗೆ ಮಾತ್ರವಲ್ಲ, ಪ್ರತಿ ಚುಚ್ಚಿಗೂ ಕೇಳುತ್ತಿದ್ದರು. ಹುಬ್ಬು ಏರುವುದು ನಿಂತಿತು. ನಾನು ಸಾಕು ಎಂದರೆ ಸೂಜಿ ಕೆಳಗಿಡುತ್ತಿದ್ದರು. ನಾನು ಯಾರಿಗಾದರೂ ಹೇಳಬೇಕಿತ್ತು. ಮೇಲಿನವರಿಗೆ ಹೇಳುವ ದಾರಿ ಇತ್ತು, ಕಡೇಪಕ್ಷ ಅವರಿಗೇ ನೇರವಾಗಿ ಹೇಳಬಹುದಿತ್ತು. ಹೇಳಲಿಲ್ಲ. ಒಂದೂವರೆ ವರ್ಷ ನನ್ನ ಕೈಯೇ ಅವರ ಕೈಯಾಗಿತ್ತು, ಒಂದು ಮಂಡಿಯೂ ಕೆಡಲಿಲ್ಲ. ನನಗೆ ಅದರ ಬಗ್ಗೆ ಜಂಬವಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಇತ್ತು.

ಅಷ್ಟರಲ್ಲಿ ನನ್ನ ಎಡಮಂಡಿ ಕೈಕೊಟ್ಟಿತು. ದಿನಕ್ಕೆ ಎಂಟು ತಾಸು ನಿಂತೇ ಕೆಲಸ ಮಾಡಿದವಳಿಗೆ ಅದೇನೂ ಆಶ್ಚರ್ಯದ ಸಂಗತಿಯಲ್ಲ. ಅದೇ ಸಮಯಕ್ಕೆ ಮಗಳು ಬಸುರಿ. ನನಗೆ ಬೇಕಾಗಿದ್ದದ್ದು ಒಂದೇ, ಬಾಣಂತನ. ನಮ್ಮಲ್ಲಿ ಕೂಸಿಗೆ ನೀರು ಹಾಕುವುದು ಅಜ್ಜಿ. ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಕೂಸನ್ನು ಅವುಗಳ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕಬೇಕು. ನನ್ನಮ್ಮ ಊರಿಂದ ಇಲ್ಲಿಗೆ ಬಂದು ನನ್ನ ಮಗಳಿಗೆ ಹಾಗೆ ಹಾಕಿದ್ದಳು. ಇಲ್ಲೇ ಹುಟ್ಟಿ ಬೆಳೆದ ಮಗಳಿಗೆ ಇದೆಲ್ಲ ವಿಚಿತ್ರ. ಮಗುವಿಗೆ ಪ್ಲಾಸ್ಟಿಕ್ ಟಬ್ಬು ತಂದಾಗಿದೆ, ನಿನಗ್ಯಾಕೆ ತೊಂದರೆ ಎಂದಳು. ನಾನು ಊರಿಂದ ತಂದು ಹತ್ತಿಪ್ಪತ್ತು ವರ್ಷ ಗ್ಯಾರೇಜಿನಲ್ಲಿಟ್ಟಿದ್ದ ಹಲಸಿನ ಮಣೆಯನ್ನು ತೊಳೆದು ಒಣಗಿಸಿದೆ.

ಸಿಯಾಟಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ, ಯಂತ್ರ ಇರುವ ಕಡೆ ಮಾಡಿಸಿಕೋ ಎಂದು ಮಗಳು ಹೇಳಿದಳು. ಸರಿಯಾದ ಮಾತು. ಆದರೆ ಎದುರಿಗೆ ನಿಲ್ಲುವ ನರ್ಸೇ ಬೇರೆ ಡಾಕ್ಟರ ಹತ್ತಿರ ಹೋದಳು ಎಂದರೆ ಇಡೀ ಆಸ್ಪತ್ರೆಗೆ ಏನು ತಿಳಿಯುತ್ತದೆ? ಅವರ ಮುಖ ಹೇಗೆ ನೋಡಲಿ? ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂದು ನಾನೇ ಎಷ್ಟು ಜನಕ್ಕೆ ಬುದ್ಧಿ ಹೇಳಿದ್ದೇನೋ. ಅವರಾದರೂ ಒಮ್ಮೆ ಮೆಲ್ಲಗೆ ಹೇಳಿದರು, "ಬೇರೆಯವ್ರತ್ರ ಮಾಡಿಸ್ಕೊಳ್ಳಿ ಸಿಸ್ಟರ್, ನಾನು ಬೇಜಾರು ಮಾಡ್ಕೊಳಲ್ಲ." ನಾನು ಅದಕ್ಕೆ, "ನೀವೇ ಮಾಡ್ಬೇಕು ಸಾರ್" ಎಂದುಬಿಟ್ಟೆ. ಅವರಿಗೂ ನನ್ನ ದಾಕ್ಷಿಣ್ಯ. ಇಲ್ಲ ಎನ್ನಲು ಅವರ ಬಾಯಿ ಬರಲಿಲ್ಲ, ಬಿಡಿ ಎನ್ನಲು ನನ್ನ ಬಾಯಿ ಬರಲಿಲ್ಲ. ಮಣೆಯ ವಿಷಯವನ್ನು ಹೇಳಿದೆ. ಯಾವ ರೋಗಿಗೂ ಭರವಸೆ ಕೊಡದ ಮನುಷ್ಯ, ಮಣೆ ಮೇಲೆ ಕೂರುವ ಹಾಗೆ ಮಾಡಿಕೊಡುತ್ತೇನೆ ಎಂದರು.

ಆಪರೇಷನ್ನಿನ ದಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದರು, ಮಂಪರಿಗೆ ಇನ್ನೊಂದು ಔಷಧ ಕೊಟ್ಟರು. ನನ್ನ ಎದೆಯ ಮೇಲೆ ನೀಲಿ ಪರದೆ ಎಬ್ಬಿಸಿದರು. ಹನ್ನೆರಡು ವರ್ಷ ಆ ಪರದೆಯ ಆಚೆ ನಿಂತಿದ್ದವಳು ಈಚೆ ಮಲಗಿದೆ. ನನ್ನ ಜಾಗದಲ್ಲಿ ಬೇರೊಬ್ಬ ನರ್ಸ್ ನಿಂತಿದ್ದಳು. ಒಳ್ಳೆಯ ಹುಡುಗಿ, ಅವಳಿಗೆ ಕನ್ನಡ ಬರುವುದಿಲ್ಲ. ನನಗೆ ನೆನಪಿರುವುದು ಇಷ್ಟೇ, ದೀಪ, ಚಳಿ, ಲೋಹದ ಸದ್ದು.

ಮೂರನೆಯ ದಿನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಯಿತು. ಉಳಿದದ್ದೇ ಹೆಚ್ಚು ಎಂದರು. ಮಂಡಿಯ ಬಗ್ಗೆ ಯಾರೂ ಯೋಚಿಸಲಿಲ್ಲ. ಆರು ವಾರದ ಮೇಲೆ ಅವರ ಕೋಣೆಯ ಬಾಗಿಲಿನಿಂದ ಕುರ್ಚಿಯವರೆಗೆ ನಾಲ್ಕು ಹೆಜ್ಜೆ ನಡೆದೆ. ಅವರು ತಮ್ಮ ಚಟದಂತೆ ನೋಡುತ್ತಿದ್ದರು. ನೋವಿದೆಯಾ ಎಂದು ಕೇಳಿದರು, ಇಲ್ಲ ಎಂದೆ. ನಿಜವಾಗಿಯೂ ನೋವಿರಲಿಲ್ಲ, ಮಂಡಿ ಚೆನ್ನಾಗಿ ಮಡಚಿಕೊಳ್ಳುತ್ತಿತ್ತು, ಮಣೆಯ ಮೇಲೆ ಕೂರುತ್ತಿದ್ದೆ. ಏಳುವಾಗ, ಮೆಟ್ಟಿಲು ಇಳಿಯುವಾಗ ಮಾತ್ರ ಮೂಳೆ ಮುಂದಕ್ಕೆ ಸರಿದಂತಾಗುತ್ತಿತ್ತು. ಮುಂದಿನ ಸೋಮವಾರ ಅವರು, ಇನ್ನು ಆಪರೇಷನ್ ಮಾಡುವುದಿಲ್ಲ, ನಿವೃತ್ತಿಯಾಗುತ್ತೇನೆ ಎಂದು ಆಸ್ಪತ್ರೆಗೆ ತಿಳಿಸಿದರು. ಆಸ್ಪತ್ರೆಯವರು ಕೇಕ್ ತರಿಸಿದರು. ನಾನು ಕೋಲು ಹಿಡಿದು ಹೋಗಿ ಒಂದು ಚೂರು ತಿಂದು ಬಂದೆ.

ಮೊಮ್ಮಗಳು ಹುಟ್ಟಿದಳು. ನಾಲ್ಕು ವಾರ ನಾನೇ ನೀರು ಹಾಕಿದೆ. ನನ್ನ ಕಾಲ ಮೇಲೆ ಮಲಗಿ ಅವಳು ಬಿಸಿನೀರಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಐದನೆಯ ವಾರ ಒಂದು ಬೆಳಿಗ್ಗೆ ನೀರು ಹಾಕಿ, ಟವಲಿನಲ್ಲಿ ಸುತ್ತಿ, ಎತ್ತಿಕೊಂಡು ಎದ್ದೆ. ಎರಡು ಹೆಜ್ಜೆ ಇಟ್ಟೆ, ಮಂಡಿ ಜಾರಿತು. ಬಚ್ಚಲಿನ ತೊಟ್ಟಿಯ ಅಂಚಿನ ಮೇಲೆ ಕುಸಿದು ಕೂತೆ. ಕೂಸು ಕೈಯಲ್ಲೇ ಇತ್ತು, ಏನೂ ಆಗಲಿಲ್ಲ, ಅತ್ತಿತು ಅಷ್ಟೇ. ಬಾಗಿಲಲ್ಲಿ ಮಗಳು ನಿಂತಿದ್ದಳು. ಮರುದಿನದಿಂದ ಪ್ಲಾಸ್ಟಿಕ್ ಟಬ್ಬು. ಈಗ ಮೊಮ್ಮಗಳಿಗೆ ಮೂರು ದಾಟಿದೆ, ನಾನು ಕುರ್ಚಿಯಿಂದ ಎದ್ದರೆ ಸಾಕು, ಅವಳಮ್ಮನ ದನಿಯಲ್ಲೇ, ಅಜ್ಜಿ ಸಿಟ್, ಸಿಟ್ ಎನ್ನುತ್ತಾಳೆ. ಇದುವರೆಗೆ ಅವಳು ನನ್ನ ಕೈ ಹಿಡಿದು ರಸ್ತೆ ದಾಟಿಲ್ಲ.

ಮತ್ತೆ ತೆರೆದು ಸರಿಮಾಡಬಹುದೇ ಎಂದು ಆ ದೊಡ್ಡ ಆಸ್ಪತ್ರೆಗೇ ಹೋಗಿ ಕೇಳಿದ್ದಾಯಿತು. ಶ್ವಾಸಕೋಶದ ಕಥೆ ಓದಿದವರು, ಇದರಲ್ಲೇ ಹೊಂದಿಕೊಂಡು ಹೋಗಿ ಎಂದರು. ಆಪರೇಷನ್ ಕೋಣೆಯ ಕೆಲಸವೂ ಹೋಯಿತು. ನಿಲ್ಲಲಾಗದವಳಿಗೆ ಅಲ್ಲೇನು ಕೆಲಸ?

ಅವರು ನನ್ನ ಮನೆಗೆ ಬಂದದ್ದು ಒಂದೇ ಸಲ, ನಿವೃತ್ತಿಯ ಮರುವರ್ಷ, ಒಂದು ಮಧ್ಯಾಹ್ನ. ಹೆಂಡತಿ ಬಾಗಿಲಿಗೆ ಬಿಟ್ಟು ಅಂಗಡಿಗೆ ಹೋದರು. ಕಾಫಿ ಬೇಡ ಎಂದರು. ಆ ಮಣೆ ಎಲ್ಲಿ ಎಂದು ಕೇಳಿದರು. ತಂದು ಕೊಟ್ಟೆ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಾವು ಕಷ್ಟಪಟ್ಟು ಮಣೆಯ ಮೇಲೆ ಕೂತು, ನನ್ನ ಮಂಡಿ ಮಡಿಸಿ, ಎರಡು ಕೈಯಿಂದ ಕಾಲನ್ನು ಹಿಡಿದು ಮುಂದಕ್ಕೆ ಎಳೆದರು. ಪರೀಕ್ಷೆ ಮಾಡುವಾಗ ಅವರು ಯಾವಾಗಲೂ ಗೋಡೆ ನೋಡುತ್ತಿದ್ದರು, ಕೈಗೆ ಮಾತ್ರ ಕೆಲಸ. ಈಗ ಬಗ್ಗಿ ಕಾಲನ್ನೇ ನೋಡುತ್ತಿದ್ದರು. ಮೂಳೆ ಒಂದು ಬೆರಳಷ್ಟು ಮುಂದೆ ಸರಿದದ್ದು ಇಬ್ಬರಿಗೂ ಕಂಡಿತು.

"ಹೆಂಗಿದೆ ಸಿಸ್ಟರ್?"

"ಚೆನ್ನಾಗಿದೆ ಸಾರ್."

"ಸುಳ್ಳು ಹೇಳ್ಬೇಡಿ. ಕೈಗೆ ಗೊತ್ತಾಗ್ದೆ ಇದ್ರೂ ಕಣ್ಣಿಗೆ ಗೊತ್ತಾಗುತ್ತೆ."

ಕಾಲು ಹಿಡಿದುಕೊಂಡೇ ಹೇಳಿದರು. "ಆವತ್ತು ಎರಡು ಚುಚ್ಚಿಗೆ ನಿಲ್ಲಿಸೋಣ ಅಂತಿದ್ದೆ. ಅಭ್ಯಾಸ ನೋಡಿ, ಸಾಕಾ ಸಿಸ್ಟರ್ ಅಂತ ಬಾಯಿಗೆ ಬಂದ್ಬಿಡ್ತು. ಪರದೆ ಆ ಕಡೆಯಿಂದ ನೀವು ಇನ್ನೊಂದು ಅಂದ್ರಿ."

ನನಗೆ ನೆನಪಿಲ್ಲ ಎಂದೆ.

"ಇರಲ್ಲ. ಮಂಪರಲ್ಲಿದ್ರಿ. ಆದ್ರೂ ನೀವು ಅಂದಿದ್ದೀರಲ್ಲ ಅಂತ ಕೊಟ್ಬಿಟ್ಟೆ. ಕೇಳಿದ್ದು ನನ್ನ ತಪ್ಪು ಸಿಸ್ಟರ್. ಕೇಳ್ದೆ ಮಾಡೋಕೂ ನನ್ನ ಕೈಲಿ ಆಗ್ತಿರ್ಲಿಲ್ಲ."

ಹೊರಗೆ ಅವರ ಹೆಂಡತಿಯ ಕಾರು ಬಂತು. ಅವರು ನನ್ನ ಭುಜ ಹಿಡಿದುಕೊಂಡು ಮಣೆಯಿಂದ ಎದ್ದರು. ನಾನು ಕೂತೇ ಇದ್ದೆ. ತಪ್ಪು ನಿಮ್ಮದಲ್ಲ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಮಂಪರಿನಲ್ಲಿ ನಾನು ಇನ್ನೊಂದು ಎಂದದ್ದು ಯಾಕೆ ಎಂದು ಅವತ್ತಿನಿಂದ ಯೋಚಿಸುತ್ತಿದ್ದೇನೆ. ಅವರ ಹಾಗೆ ನನ್ನದೂ ಅಭ್ಯಾಸವೋ, ಅಥವಾ ಮಂಡಿ ಮಣೆಯ ಮೇಲೆ ಕೂರುವಷ್ಟು ಮಡಚಿಕೊಳ್ಳಲಿ ಎಂಬ ಆಸೆಯೋ. ಎರಡರಲ್ಲಿ ಯಾವುದಾದರೂ ನನಗೆ ಸಮಾಧಾನವಿಲ್ಲ.

ಆಮೇಲೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಗ ತನ್ನ ವುಡಿನ್‌ವಿಲ್ ಮನೆಗೆ ಕರೆದುಕೊಂಡು ಹೋದ. ನಮ್ಮ ಮನೆಯಿಂದ ಅರ್ಧ ಗಂಟೆಯೂ ಇಲ್ಲ. ನಿಮ್ಮನ್ನು ನೋಡಬೇಕಂತೆ ಎಂದು ಎರಡು ಸಲ ಫೋನು ಬಂತು. ಎರಡು ಸಲವೂ ಮಂಡಿಯ ನೆಪ ಹೇಳಿದೆ. ಆ ಮಂಡಿಯಿಂದ ನನಗೆ ಆದ ಉಪಕಾರ ಅದೊಂದೇ.

ಮಣ್ಣು ಮುಚ್ಚಿದ ಮೇಲೆ ಜನ ಚದುರತೊಡಗಿದರು. ಮಗ ಇಳಿಜಾರು ಹತ್ತಿ ನಮ್ಮ ಕಾರಿನ ಹತ್ತಿರ ಬಂದ. ಅಪ್ಪನಷ್ಟೇ ಎತ್ತರ, ಕೈಯಲ್ಲಿ ಇನ್ನೂ ಮಣ್ಣಿತ್ತು. ನಾನು ಕಿಟಕಿ ಇಳಿಸಿದೆ. ಬಂದದ್ದಕ್ಕೆ ಥ್ಯಾಂಕ್ಸ್ ಹೇಳಿದ. ಹೋಗದೆ ನಿಂತ. ಅವನಿಗೆ ಉರ್ದು, ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು. ಆಂಟಿ, ಒಂದು ಮಾತು ಕೇಳಬೇಕಿತ್ತು ಎಂದು ಇಂಗ್ಲಿಷಿನಲ್ಲೇ ಹೇಳಿದ. ಕೊನೆಯ ತಿಂಗಳುಗಳಲ್ಲಿ ಅಪ್ಪ ಮಲಗಿದಲ್ಲೇ ಹಾಸಿಗೆಯ ಅಂಚನ್ನು ಬೆರಳಿನಿಂದ ಮೀಟುತ್ತ ಒಂದೇ ಮಾತು ಕೇಳುತ್ತಿದ್ದರಂತೆ, ಸಾಕಾ ಸಿಸ್ಟರ್ ಎಂದು. ಕೇಳಿ, ಉತ್ತರಕ್ಕೆ ಕಾಯುತ್ತಿದ್ದರಂತೆ. ಸಾಕಾ ಎಂದರೇನು ಎಂದು ಮನೆಯವರು ಇಂಟರ್‌ನೆಟ್ಟಿನಲ್ಲಿ ಹುಡುಕಿ ತಿಳಿದುಕೊಂಡರಂತೆ. ಏನು ಸಾಕಾ ಎಂದು ತಿಳಿಯದೆ ಇವರು ನೀರು ಕೊಟ್ಟು ನೋಡಿದರು, ಹೊದಿಕೆ ತೆಗೆದು ನೋಡಿದರು. ಅವರು ತಲೆಯಾಡಿಸಿ ಮತ್ತೆ ಅದನ್ನೇ ಕೇಳುತ್ತಿದ್ದರಂತೆ.

"ವಾಟ್ ವರ್ ವಿ ಸಪೋಸ್ಡ್ ಟು ಸೇ, ಆಂಟಿ?"

"ಸಾಕು," ಎಂದೆ. "ಸಾಕು ಸಾರ್ ಅನ್ನಬೇಕಿತ್ತು, ಅಷ್ಟೇ."

ಅವನು ಅದನ್ನು ತನಗೆ ತಾನೇ ಒಂದು ಸಲ ಹೇಳಿ ನೋಡಿಕೊಂಡ. ಆಮೇಲೆ ಒಬ್ಬನೇ ಮತ್ತೆ ಇಳಿಜಾರು ಇಳಿದು ಹೋಗಿ, ಹೊಸ ಮಣ್ಣಿನ ಪಕ್ಕದಲ್ಲಿ ಬಗ್ಗಿ ನಿಂತ. ಆ ಮಾತನ್ನು ಹೇಳಿದನೆಂದು ಕಾಣುತ್ತದೆ. ನಾಲ್ಕು ವರ್ಷದ ಹಿಂದೆ, ಪರದೆಯ ಈಚೆಯಿಂದ, ನಾನು ಹೇಳಬೇಕಾಗಿದ್ದ ಮಾತು ಅದು.